ದಾರಿಯಲ್ಲಿ ಜಗಳವಾಡಬೇಡಿ: ಗಾಡಿ ಓಡಿಸುವ ಕ್ರೈಸ್ತ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಕರ್ತನಲ್ಲಿ ಪ್ರಿಯರೇ,

ಬೆಂಗಳೂರಿನಲ್ಲಿ ದಿನಾ ಕಾರು, ಬೈಕು, ಸ್ಕೂಟರ್ ಓಡಿಸುವ ನಿಮಗೆ, ನಿಮ್ಮ ಸಭೆಗಳ ಪಾಸ್ಟರ್‌ಗಳಿಗೆ, ಫಾದರ್‌ಗಳಿಗೆ, ಹಿರಿಯರಿಗೆ ವಂದನೆಗಳು. ನಾನು ಈ ಊರಿನ ಒಂದು ಕನ್ನಡ ಸಭೆಯಲ್ಲಿ ಸಂಡೇ ಸ್ಕೂಲ್ ಟೀಚರ್. ವಾರದ ಉಳಿದ ದಿನ ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗಿ ಬರುವವಳು. ಬಹಳ ದಿನದಿಂದ ಹೇಳಬೇಕು ಅಂದುಕೊಂಡಿದ್ದ ಒಂದು ಮಾತನ್ನು ಇವತ್ತು ಹೇಳಿಬಿಡುತ್ತೇನೆ.

ಗಾಡಿ ಓಡಿಸುವಾಗ ನಾವು ಕ್ರೈಸ್ತರ ಹಾಗೆ ನಡೆದುಕೊಳ್ಳುತ್ತಿಲ್ಲ.

ಕೆಲವರಿಗೆ ಇದು ಚುಚ್ಚಬಹುದು. ರಸ್ತೆಯಲ್ಲಿ ಕೂಗಾಡುವವರು ಎಲ್ಲ ಧರ್ಮದಲ್ಲೂ ಇದ್ದಾರೆ, ನಮ್ಮನ್ನೇ ಯಾಕೆ ಕೇಳ್ತೀರಿ ಅನ್ನಬಹುದು. ಇದ್ದಾರೆ, ನಿಜ. ಆದರೆ ನಾನು ಸಲಿಗೆಯಿಂದ ಮಾತಾಡಬಹುದಾದ್ದು ನನ್ನ ಮನೆಯವರ ಹತ್ತಿರ ಅಲ್ವಾ? ತಾಳ್ಮೆ, ದಯೆ ಅಂತ ಭಾನುವಾರ ಭಾನುವಾರ ಓದುವವರು, ಹಾಡುವವರು ನಾವು. ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳುವ ಆತ್ಮನ ಫಲಗಳನ್ನು ನನ್ನ ಕ್ಲಾಸಿನ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ ಅಂತ ಒಂದೂ ತಪ್ಪಿಲ್ಲದೆ ಹೇಳುತ್ತಾರೆ. ಅದೇ ಮಕ್ಕಳು ಹಿಂದಿನ ಸೀಟಿನಲ್ಲಿ ಕೂತು ಅಪ್ಪ ಅಮ್ಮ ಗಾಡಿ ಓಡಿಸುವುದನ್ನೂ ನೋಡುತ್ತಾರೆ. ಎರಡರಲ್ಲಿ ಯಾವ ಪಾಠ ಮನಸ್ಸಿಗೆ ಹತ್ತುತ್ತದೆ ಅಂತ ಟೀಚರ್‌ಗಳಿಗೆ ಬೇಗ ಗೊತ್ತಾಗುತ್ತದೆ. ಒಮ್ಮೆ ಕ್ಲಾಸ್ ಮುಗಿದ ಮೇಲೆ ಒಬ್ಬ ಪುಟ್ಟ ಹುಡುಗ ಕುರ್ಚಿಗಳನ್ನು ಸಾಲಾಗಿ ಇಟ್ಟು ಕಾರಿನ ಆಟ ಆಡುತ್ತಿದ್ದ. ಒಂದು ಹುಡುಗಿ ಅಡ್ಡ ಬಂದಳು. ಅವನು ಒಂದು ಕೈಯನ್ನು ಗಾಳಿಯಲ್ಲೇ ಹಾರ್ನ್ ಮೇಲೆ ಒತ್ತಿ ಹಿಡಿದು, "ಏಯ್, ಕಣ್ಣು ಕಾಣಲ್ವಾ ನಿಂಗೆ?" ಅಂದ. ಆಮೇಲೆ ಇಲ್ಲಿ ಬರೆಯಲಾಗದ ಒಂದು ಮಾತು. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಗಾಡಿ ಓಡಿಸುವುದು ಅಂದರೆ ಹೀಗೇ ಅಂತ ಅವನು ತಿಳಿದುಕೊಂಡಿದ್ದ.

ಆದಿಕಾಂಡದ 45ನೇ ಅಧ್ಯಾಯ ನಿಮಗೆಲ್ಲ ಗೊತ್ತಿದೆ. ಯೋಸೇಫ ಅಣ್ಣತಮ್ಮಂದಿರಿಗೆ ತನ್ನ ಗುರುತು ಹೇಳಿ, ಅವರನ್ನು ತಬ್ಬಿಕೊಂಡು ಅಳುತ್ತಾನೆ. ತನ್ನನ್ನು ಮಾರಿದವರನ್ನು ಕ್ಷಮಿಸುತ್ತಾನೆ. ಅಪ್ಪನನ್ನು ಕರೆತರಲು ಅವರಿಗೆ ಬಂಡಿಗಳನ್ನು ಕೊಡುತ್ತಾನೆ. ಹತ್ತು ಗಂಡು ಕತ್ತೆಗಳ ಮೇಲೆ ಐಗುಪ್ತದ ಒಳ್ಳೊಳ್ಳೆ ಪದಾರ್ಥ, ಹತ್ತು ಹೆಣ್ಣು ಕತ್ತೆಗಳ ಮೇಲೆ ಧಾನ್ಯ, ರೊಟ್ಟಿ, ದಾರಿಗೆ ಬುತ್ತಿ. ಎಲ್ಲ ಹೇರಿಸಿ ಕಳಿಸಿಕೊಡುವಾಗ ಕೊನೆಗೆ ಒಂದೇ ಮಾತು ಹೇಳುತ್ತಾನೆ: ದಾರಿಯಲ್ಲಿ ಜಗಳವಾಡಬೇಡಿ.

ಈ ಮಾತಿನ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ. ಕ್ಷಮೆಯ ಬಗ್ಗೆ, ದೇವರ ಯೋಜನೆಯ ಬಗ್ಗೆ ಕೇಳಿದ್ದೇನೆ. ಆದರೆ ಯೋಸೇಫನಿಗೆ ಅವರ ಸ್ವಭಾವ ಗೊತ್ತಿತ್ತು. ಈಗಷ್ಟೇ ಅತ್ತಿದ್ದಾರೆ, ಕ್ಷಮೆ ಸಿಕ್ಕಿದೆ, ಮನಸ್ಸು ಹಗುರಾಗಿದೆ. ಆದರೂ ಬಂಡಿ ಹತ್ತಿ ನಾಲ್ಕು ಹೆಜ್ಜೆ ಹೋದರೆ ಸಾಕು, ತಪ್ಪು ನಿನ್ನದು ನನ್ನದು ಅಂತ ಶುರು ಮಾಡುತ್ತಾರೆ. ದೇವರ ಸನ್ನಿಧಿಯಿಂದ ಎದ್ದು ಮನೆಗೆ ಹೊರಟವರಿಗೂ ಈ ಮಾತು ಬೇಕು.

ಶುಭ ಶುಕ್ರವಾರ ಒಂದು ಚರ್ಚಿನ ಗೇಟಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಯಾವ ಚರ್ಚು ಅನ್ನುವುದು ಬೇಡ. ಮಧ್ಯಾಹ್ನ 12ರಿಂದ 3ರವರೆಗೆ ಶಿಲುಬೆಯ ಮೇಲಿನ ಏಳು ಮಾತುಗಳ ಧ್ಯಾನ ಮುಗಿದಿತ್ತು. ತನ್ನನ್ನು ಮೊಳೆ ಹೊಡೆದವರನ್ನು ಕ್ಷಮಿಸು ಎಂದು ಕರ್ತನು ತಂದೆಯನ್ನು ಬೇಡಿದ ಮಾತನ್ನು ಕೇಳಿ ಎಷ್ಟೋ ಜನ ಕಣ್ಣೊರೆಸಿಕೊಂಡಿದ್ದರು. ಹೊರಗೆ ಏಪ್ರಿಲ್ ಬಿಸಿಲು. ಗೇಟಿಗೆ ಅಡ್ಡವಾಗಿ ಒಂದು ಆಟೋ ನಿಂತಿತ್ತು. ಊರುಗೋಲು ಹಿಡಿದ ಒಬ್ಬ ಅಜ್ಜಿ ಹತ್ತುತ್ತಿದ್ದರು. ಮಂಡಿ ಮಡಚಲು ಆಗುತ್ತಿರಲಿಲ್ಲ. ಆಟೋದವರು ಇಳಿದು ಬಂದು ಕೈ ಹಿಡಿದು, "ನಿಧಾನ ಅಜ್ಜಿ, ಇಲ್ಲಿ ಕಾಲಿಡಿ, ಏನೂ ಅವಸರ ಇಲ್ಲ" ಅನ್ನುತ್ತಿದ್ದರು. ಹಿಂದೆ ಒಂದು ಕಾರು ಹಾರ್ನ್ ಒತ್ತಿ ಹಿಡಿದೇ ಇತ್ತು. ಅದರ ಹಿಂದೆ ಇನ್ನೆರಡು. ಮೊದಲ ಕಾರಿನ ಕನ್ನಡಿಗೆ ಮರದ ಶಿಲುಬೆ ತೂಗುತ್ತಿತ್ತು. ಗಾಜು ಇಳಿಯಿತು. "ತೆಗಿಯಯ್ಯಾ ಗಾಡಿನ!" ಆಟೋದವರು ಉತ್ತರ ಕೊಡಲಿಲ್ಲ. ಅಜ್ಜಿಯ ಸೀರೆಯ ಸೆರಗು ಚಕ್ರದ ಕಡೆ ಇಳಿಬಿದ್ದಿತ್ತು, ಅದನ್ನು ಎತ್ತಿ ಒಳಗಿಟ್ಟರು, ಊರುಗೋಲನ್ನು ಸೀಟಿನ ಪಕ್ಕ ಸೇರಿಸಿದರು, ಆಮೇಲೆ ಹೋಗಿ ಹ್ಯಾಂಡಲ್ ಎಳೆದರು. ಆ ಮನುಷ್ಯ ಒಳಗೆ ಪ್ರಸಂಗ ಕೇಳಿದವರಲ್ಲ. ಗೇಟಿನ ಹೊರಗೆ ಬಾಡಿಗೆಗಾಗಿ ಕಾಯುತ್ತಿದ್ದವರು.

ನಮ್ಮ ಗಾಡಿಗಳ ಮೇಲೆ ನಾವು ಏನೇನು ಅಂಟಿಸಿಕೊಂಡಿದ್ದೇವೆ ನೋಡಿ. ಹಿಂದಿನ ಗಾಜಿನ ಮೇಲೆ ಶಿಲುಬೆ, ಮೀನಿನ ಗುರುತು, 'ಯೆಹೋವನು ನನ್ನ ಕುರುಬನು', 'ಯೇಸು ರಕ್ಷಿಸುತ್ತಾನೆ'. ಇದರ ಅರ್ಥ, ನಾವು ಯಾರು ಅಂತ ಊರಿಗೆಲ್ಲ ಹೇಳಿಕೊಂಡೇ ಹೊರಟಿದ್ದೇವೆ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಸರ್ಕಲ್ಲನ್ನು ನೆನೆಸಿಕೊಳ್ಳಿ. ಅಲ್ಲಿರುವ ಹಡ್ಸನ್ ಮೆಮೋರಿಯಲ್ ಚರ್ಚು ಕನ್ನಡ ಸಭೆ, 1904ರಷ್ಟು ಹಳೆಯದು. ದಿನಾ ಸಾವಿರಾರು ಜನ ಆ ಸಿಗ್ನಲ್‌ನಲ್ಲಿ ನಿಂತು ಆ ಕಟ್ಟಡ ನೋಡಿಕೊಂಡು ಮುಂದೆ ಹೋಗುತ್ತಾರೆ. ಅವರಲ್ಲಿ ಬಹಳ ಮಂದಿ ಯಾವ ಚರ್ಚಿನ ಒಳಗೂ ಬರುವುದಿಲ್ಲ, ಬೈಬಲ್ ತೆರೆಯುವುದಿಲ್ಲ. ಕ್ರೈಸ್ತರ ಪರಿಚಯ ಅಂತ ಅವರಿಗೆ ಆಗುವುದಿದ್ದರೆ ಅದೇ ಸಿಗ್ನಲ್‌ನಲ್ಲಿ, ಶಿಲುಬೆ ಅಂಟಿಸಿದ ಕಾರಿನ ಹಿಂದೆಯೋ ಪಕ್ಕದಲ್ಲೋ ನಿಂತಾಗ. ಅರಸುಗಳ ಎರಡನೇ ಪುಸ್ತಕದಲ್ಲಿ ಇಜ್ರೇಲಿನ ಗೋಪುರದ ಕಾವಲುಗಾರ ದೂರದಿಂದಲೇ ಒಬ್ಬನನ್ನು ಗುರುತು ಹಿಡಿಯುತ್ತಾನೆ. ಮುಖ ಕಂಡಿಲ್ಲ, ದನಿ ಕೇಳಿಲ್ಲ. ರಥ ಓಡಿಸುವ ರೀತಿ ನೋಡಿದರೆ ನಿಂಷಿಯ ಮೊಮ್ಮಗ ಯೇಹುವಿನ ಹಾಗಿದೆ, ಹುಚ್ಚನ ಹಾಗೆ ಓಡಿಸುತ್ತಾನೆ ಅನ್ನುತ್ತಾನೆ. ಜನ ನಮ್ಮನ್ನೂ ಹಾಗೆಯೇ ಗುರುತು ಹಿಡಿಯುತ್ತಾರೆ.

ಈ ಊರಲ್ಲಿ ತಾಳ್ಮೆ ಇಟ್ಟುಕೊಂಡು ಓಡಿಸೋಕೆ ಆಗುತ್ತಾ ಅಂತ ಕೇಳುವವರ ಕಷ್ಟ ನನಗೆ ಗೊತ್ತು. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಸಂಸ್ಥೆ 2024ರ ಲೆಕ್ಕ ಹಾಕಿ, ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ ಬೇಕು ಅಂದಿತು. ಅಂದರೆ ಗಂಟೆಗೆ 18 ಕಿಲೋಮೀಟರ್ ವೇಗವೂ ಇಲ್ಲ. ಸಿಲ್ಕ್ ಬೋರ್ಡ್, ಹೆಬ್ಬಾಳ, ಕೆ.ಆರ್. ಪುರ ಅಂದರೆ ಸಾಕು, ಯಾರಿಗೂ ವಿವರಿಸಿ ಹೇಳಬೇಕಿಲ್ಲ. ಮೆಟ್ರೋ ಕೆಲಸಕ್ಕೆ ಅರ್ಧ ರಸ್ತೆ ಬಂದ್, ಉಳಿದರ್ಧದಲ್ಲಿ ಗುಂಡಿ. ಒಂದು ಬೈಕಿಗೆ ಜಾಗ ಬಿಟ್ಟರೆ ಹತ್ತು ಬೈಕು ನುಗ್ಗುತ್ತವೆ. ಮನೆಯಲ್ಲಿ ಮಗು ಕಾಯುತ್ತಿದೆ, ಆಫೀಸಿನಲ್ಲಿ ಮೀಟಿಂಗ್ ಶುರುವಾಗಿದೆ. ಸಿಟ್ಟು ಬರುತ್ತದೆ, ಬರದೆ ಇರಲ್ಲ.

ಆದರೆ ತಾಳ್ಮೆ ಬೇಕಾಗುವುದೇ ಇಂಥ ಕಡೆ. ಖಾಲಿ ರಸ್ತೆಯಲ್ಲಿ ಅದರ ಕೆಲಸವೇ ಇಲ್ಲ. ಇನ್ನೊಂದು ಸಂಗತಿ, ಸಿಟ್ಟಿನಿಂದ ಉಳಿಯುವ ಸಮಯ ಎಷ್ಟು ಅಂತ ಸ್ವಲ್ಪ ಲೆಕ್ಕ ಹಾಕಿ. ಖಾಲಿ ಹೆದ್ದಾರಿಯಲ್ಲೇ 10 ಕಿಲೋಮೀಟರನ್ನು ಗಂಟೆಗೆ 60ರ ವೇಗದಲ್ಲಿ ಹೋದರೆ 10 ನಿಮಿಷ, 80ರಲ್ಲಿ ಹೋದರೆ ಏಳೂವರೆ. ಎರಡೂವರೆ ನಿಮಿಷದ ವ್ಯತ್ಯಾಸ. ಊರೊಳಗೆ ಅದೂ ಇಲ್ಲ. ಆ ಕಡೆ ಈ ಕಡೆ ತೂರಿಕೊಂಡು, ನಾಲ್ಕು ಜನರನ್ನು ಬೈದು ಮುಂದೆ ಹೋದವರು ಮುಂದಿನ ಸಿಗ್ನಲ್‌ನಲ್ಲಿ ನಮ್ಮ ಪಕ್ಕದಲ್ಲೇ ನಿಂತಿರುತ್ತಾರೆ.

ಸಿಟ್ಟಿನ ವಿಷಯದಲ್ಲಿ ನನಗೆ ದೊಡ್ಡ ಪಾಠ ಸಿಕ್ಕಿದ್ದು ಬಿಳಾಮನ ಕತ್ತೆಯ ಕಥೆಯಲ್ಲಿ. ಅರಣ್ಯಕಾಂಡ 22. ಮಕ್ಕಳಿಗೆ ಕತ್ತೆ ಮಾತಾಡಿತು ಅಂತ ನಗು ಬರುವ ಕಥೆ. ದೊಡ್ಡವರು ಅದನ್ನು ರಸ್ತೆಯ ಕಥೆಯಾಗಿ ಓದಬೇಕು. ಬಿಳಾಮ ಅವಸರದಲ್ಲಿ ಹೊರಟಿದ್ದಾನೆ. ಕತ್ತೆ ಇದ್ದಕ್ಕಿದ್ದ ಹಾಗೆ ದಾರಿ ಬಿಟ್ಟು ಹೊಲಕ್ಕೆ ಇಳಿಯುತ್ತದೆ. ಹೊಡೆಯುತ್ತಾನೆ. ಮುಂದೆ ದ್ರಾಕ್ಷಿತೋಟಗಳ ನಡುವೆ ಇಕ್ಕಟ್ಟಾದ ದಾರಿ, ಎರಡೂ ಕಡೆ ಗೋಡೆ. ಕತ್ತೆ ಗೋಡೆಗೆ ಒತ್ತಿಕೊಂಡು ಅವನ ಕಾಲು ನಜ್ಜಾಗುತ್ತದೆ. ಮತ್ತೆ ಹೊಡೆಯುತ್ತಾನೆ. ಇನ್ನೂ ಇಕ್ಕಟ್ಟಾದ ಜಾಗದಲ್ಲಿ ಕತ್ತೆ ಮಲಗಿಯೇ ಬಿಡುತ್ತದೆ. ಆಗ ಅವನು, ಕೈಯಲ್ಲಿ ಕತ್ತಿ ಇದ್ದಿದ್ದರೆ ನಿನ್ನನ್ನು ಈಗಲೇ ಕೊಲ್ಲುತ್ತಿದ್ದೆ ಅನ್ನುತ್ತಾನೆ. ಕತ್ತಿ ನಿಜವಾಗಿ ಇದ್ದದ್ದು ಎದುರು ನಿಂತ ದೇವದೂತನ ಕೈಯಲ್ಲಿ. ಕತ್ತೆಗೆ ಕಂಡದ್ದು ಮೇಲೆ ಕೂತವನಿಗೆ ಕಂಡಿರಲಿಲ್ಲ. ಕತ್ತೆ ನಿಂತದ್ದರಿಂದ ಅವನ ಜೀವ ಉಳಿದಿತ್ತು.

ನಮ್ಮ ಹಾರ್ನು ಬಿಳಾಮನ ಕೋಲು. ಮುಂದಿನ ಬೈಕು ಗಕ್ಕನೆ ನಿಂತರೆ ಹಿಂದಿದ್ದವರಿಗೆ ಕಾಣುವುದು ಅದರ ನಂಬರ್ ಪ್ಲೇಟು ಮಾತ್ರ. ಅದರ ಮುಂದೆ ಏನಿದೆ ಅಂತ ಗೊತ್ತಿಲ್ಲ. ಬಣ್ಣ ಬಳಿಯದ ಹಂಪ್ ಇರಬಹುದು, ಮಳೆನೀರು ತುಂಬಿದ ಗುಂಡಿ ಇರಬಹುದು, ಬಾಯಿ ತೆರೆದ ಮ್ಯಾನ್‌ಹೋಲ್ ಇರಬಹುದು. ಸ್ಕೂಲ್ ಬ್ಯಾಗ್ ಹೊತ್ತ ಮಗು ಚೆಂಡಿನ ಹಿಂದೆ ಓಡಿ ಬಂದಿರಬಹುದು. ಬಿಎಂಟಿಸಿ ಬಸ್ಸು ಹಸಿರು ದೀಪ ಬಿದ್ದರೂ ಹೊರಡಲಿಲ್ಲ ಅಂದರೆ ಡ್ರೈವರ್ ನಿದ್ದೆ ಮಾಡುತ್ತಿಲ್ಲ. ಅಷ್ಟು ಎತ್ತರದಲ್ಲಿ ಕೂತ ಅವರಿಗೆ ಬಲಗಡೆಯಿಂದ ಸಿಗ್ನಲ್ ಹಾರಿ ಬರುತ್ತಿರುವ ಗಾಡಿ ಕಾಣುತ್ತಿದೆ. ಮುಂದೆ ನಿಂತವರಿಗೆ ನನಗಿಂತ ಜಾಸ್ತಿ ಕಾಣುತ್ತಿದೆ ಅಂತ ನಂಬಿದರೆ ಕೈ ತಾನಾಗಿ ಹಾರ್ನ್ ಬಿಡುತ್ತದೆ. ಮತ್ತೆ, ಆ ಬಡಪಾಯಿ ಕತ್ತೆ ಕೇಳುವ ಪ್ರಶ್ನೆ ನನಗೆ ಬಹಳ ಹಿಡಿಸುತ್ತದೆ: ಇಷ್ಟು ದಿನ ನಿನ್ನನ್ನು ಹೊತ್ತಿದ್ದೇನಲ್ಲ, ಯಾವತ್ತಾದರೂ ಹೀಗೆ ಮಾಡಿದ್ದೇನಾ?

ಈ ಪ್ರಶ್ನೆಯನ್ನು ನಮ್ಮನ್ನು ಹೊತ್ತು ತಿರುಗುವವರೂ ಕೇಳಬಹುದು. ಬೆಳಗಾಗುವ ಮುಂಚೆ ಹಾಲಿನ ಕ್ರೇಟು ಇಳಿಸುವವರು, ಕಸದ ಆಟೋದವರು, ಮಳೆಯಲ್ಲಿ ನೆನೆದುಕೊಂಡು ನಮ್ಮ ಊಟ ತರುವ ಡೆಲಿವರಿ ಹುಡುಗರು. ನಾವು ಮೊಬೈಲಿನಲ್ಲಿ ಒತ್ತಿ, ಹತ್ತು ನಿಮಿಷದಲ್ಲಿ ಬೇಕು ಅಂತೇವೆ. ಆಮೇಲೆ ರಸ್ತೆಯಲ್ಲಿ ಅದೇ ಹುಡುಗ ಅವಸರದಲ್ಲಿ ಹೋದರೆ ಬೈಯುತ್ತೇವೆ. ಅವನು ಒನ್‌ವೇಯಲ್ಲಿ ಎದುರು ಬರುವುದು ತಪ್ಪೇ. ಅದನ್ನು ನಾನು ಸರಿ ಅನ್ನುವುದಿಲ್ಲ. ಆದರೆ ಆ ಅವಸರದಲ್ಲಿ ನಮ್ಮ ಪಾಲೂ ಇದೆ. ಆರ್ಡರ್ ತಡವಾಗಿ ಬಂದರೆ "ಪರವಾಗಿಲ್ಲಪ್ಪ, ಮಳೆ ಇತ್ತಲ್ಲ" ಅನ್ನುವುದೂ ರಸ್ತೆಯ ಮೇಲಿನ ದಯೆಯೇ.

ದಯೆ ಅಂದಾಗ ಒಂದು ಎಚ್ಚರವನ್ನೂ ಹೇಳಬೇಕು. ಇದರಲ್ಲಿ ಒಳ್ಳೆಯ ಮನಸ್ಸಿನವರೇ ಎಡವುತ್ತಾರೆ. ಔಟರ್ ರಿಂಗ್ ರೋಡಿನಂಥ ಅಗಲ ರಸ್ತೆಯಲ್ಲಿ ಯಾರೋ ದಾಟಲು ನಿಂತಿದ್ದಾರೆ ಅಂತ ಕನಿಕರಪಟ್ಟು ಗಕ್ಕನೆ ಬ್ರೇಕ್ ಹಾಕಿ, ಕೈ ಬೀಸಿ ಬನ್ನಿ ಬನ್ನಿ ಅನ್ನುತ್ತಾರೆ. ಪಕ್ಕದ ಲೇನಿನವರಿಗೆ ಆ ಮನುಷ್ಯ ಕಾಣುವುದೇ ಇಲ್ಲ, ನಮ್ಮ ಕಾರೇ ಮರೆ. ನಮ್ಮನ್ನು ನಂಬಿ ಹೆಜ್ಜೆ ಇಟ್ಟವರು ಆ ಗಾಡಿಗೆ ಸಿಕ್ಕಿಬೀಳುತ್ತಾರೆ. ದಾಟಲು ಬಿಡುವುದಾದರೆ ದೂರದಿಂದಲೇ ವೇಗ ಇಳಿಸಿ, ಕನ್ನಡಿ ನೋಡಿ, ಹಿಂದಿನವರಿಗೆ ಗೊತ್ತಾಗುವ ಹಾಗೆ ನಿಲ್ಲಿಸಬೇಕು. ಜೀಬ್ರಾ ಪಟ್ಟೆ ಇದ್ದಲ್ಲಿ ಪಟ್ಟೆಗೆ ಮುಂಚೆಯೇ ನಿಲ್ಲಬೇಕು, ಅದರ ಮೇಲಲ್ಲ. ಪಕ್ಕದಲ್ಲಿ ಒಂದು ಗಾಡಿ ಪಟ್ಟೆಯ ಹತ್ತಿರ ನಿಂತಿದೆ ಅಂದರೆ ಅದರ ಮುಂದೆ ಯಾರೋ ನಡೆಯುತ್ತಿದ್ದಾರೆ ಅಂತಲೇ ತಿಳಿದು ನಾವೂ ನಿಲ್ಲಬೇಕು.

ಇಂಡಿಕೇಟರ್ ಹಾಕುವುದು ದಯೆ. ತಿರುಗಿದ ಮೇಲೆ ಹಾಕುವುದಲ್ಲ, ತಿರುಗುವುದಕ್ಕೆ ಮುಂಚೆ. ಎದುರಿಂದ ಗಾಡಿ ಬಂದಾಗ ಹೈ ಬೀಮ್ ಇಳಿಸುವುದು ದಯೆ. ರಾತ್ರಿ ತುಮಕೂರು ರಸ್ತೆಯಲ್ಲೋ ಕನಕಪುರ ರಸ್ತೆಯಲ್ಲೋ ಎದುರಿನ ಬೆಳಕು ಕಣ್ಣಿಗೆ ಹೊಡೆದರೆ ಸ್ಕೂಟರಿನವರಿಗೆ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಗಂಟೆಗೆ 40ರಲ್ಲಿ ಹೋಗುತ್ತಿದ್ದರೂ ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತಾರೆ. ನೀರು ನಿಂತ ಕಡೆ ನಿಧಾನ ಹೋಗುವುದು, ಬಸ್ ಸ್ಟಾಪಿನಲ್ಲಿ ನಿಂತವರ ಮೇಲೆ ಕೊಚ್ಚೆ ಹಾರಿಸದಿರುವುದು, ಕೆಂಪು ಅಕ್ಷರದ 'ಎಲ್' ಬೋರ್ಡ್ ಕಂಡರೆ ಅಂತರ ಬಿಟ್ಟು ಹೋಗುವುದು, ಇದಕ್ಕೆಲ್ಲ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಎಡಗೈಗೆ ತಿಳಿಯದ ಹಾಗೆ ಬಲಗೈ ದಾನ ಮಾಡಲಿ ಅಂದ ಕರ್ತನಿಗೆ ಇಂಥ ಉಪಕಾರ ಇಷ್ಟವಾಗುತ್ತದೆ ಅಂತ ನನ್ನ ನಂಬಿಕೆ.

ಆಗಸ್ಟ್ ಕೊನೆಗೆ ಕಾವಿ ಬಟ್ಟೆ ಉಟ್ಟು ವೇಳಾಂಗಣ್ಣಿಗೆ ಕಾಲ್ನಡಿಗೆಯಲ್ಲಿ ಹೊರಡುವವರನ್ನು ನೀವು ನೋಡಿದ್ದೀರಿ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹೆದ್ದಾರಿಯ ಅಂಚಿನಲ್ಲಿ ಕತ್ತಲೆಯಲ್ಲೂ ನಡೆಯುತ್ತಾರೆ. ಅವರನ್ನು ಕಂಡರೆ ನಮ್ಮವರು ಅಂತ ಗಾಡಿ ನಿಧಾನ ಮಾಡುತ್ತೇವೆ. ಒಳ್ಳೆಯದು. ಶಿವರಾತ್ರಿ ಹತ್ತಿರ ಬಂದಾಗ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರು ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಸಾಲುಸಾಲಾಗಿ ನಡೆಯುತ್ತಾರೆ. ಅವರಿಗೂ ಅಷ್ಟೇ ಜಾಗ ಬಿಡಿ, ಅಷ್ಟೇ ನಿಧಾನ ಮಾಡಿ.

ಇನ್ನು ಗಾಡಿ ಗಾಡಿ ತಾಗಿದಾಗ. ಬಂಪರಿಗೆ ಒಂದು ಗೀರು, ಅಷ್ಟೇ. ಇಬ್ಬರೂ ನಡುರಸ್ತೆಯಲ್ಲಿ ಇಳಿದು ನಿಲ್ಲುತ್ತಾರೆ, ಹಿಂದೆ ಅರ್ಧ ಕಿಲೋಮೀಟರ್ ಗಾಡಿ. ನಾಲ್ಕು ಜನ ಸೇರುತ್ತಾರೆ, ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಾರೆ. ಗೀರಿನ ವಿಷಯ ಮರೆತೇಹೋಗಿ ಯಾವ ಊರು, ಯಾವ ಭಾಷೆ, ನಂಬರ್ ಪ್ಲೇಟು ಯಾವ ರಾಜ್ಯದ್ದು ಅಂತ ಶುರುವಾಗುತ್ತದೆ. ಕನ್ನಡ ನನ್ನ ಪ್ರಾರ್ಥನೆಯ ಭಾಷೆ. ಅದು ಇನ್ನೊಬ್ಬರ ಕಾಲರ್ ಹಿಡಿಯಲು ನೆಪ ಆಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಎದುರಾಳಿಯ ಜೊತೆ ದಾರಿಯಲ್ಲಿ ಇರುವಾಗಲೇ ಬೇಗ ರಾಜಿ ಮಾಡಿಕೊ ಅಂತ ಮತ್ತಾಯನ 5ನೇ ಅಧ್ಯಾಯದಲ್ಲಿ ಕರ್ತನೇ ಹೇಳಿದ್ದಾನೆ. ಅದೇ ಅಧ್ಯಾಯದಲ್ಲಿ, ಸಹೋದರನನ್ನು ಮೂರ್ಖ ಅಂದವನಿಗೆ ಆಗುವ ತೀರ್ಪಿನ ಮಾತೂ ಇದೆ. ಗಾಡಿ ಬದಿಗೆ ಹಾಕಿ. "ನಿಮಗೇನೂ ಆಗಿಲ್ಲ ತಾನೇ?" ಅಂತ ಮೊದಲು ಕೇಳಿ. ಮೊದಲ ಮಾತು ಇದಾದರೆ ಆಮೇಲಿನ ಮಾತುಗಳೂ ಹದದಲ್ಲಿರುತ್ತವೆ. ಫೋಟೋ, ಇನ್ಶೂರೆನ್ಸ್, ಪೊಲೀಸ್ ಎಲ್ಲ ಆಮೇಲೆ ಇದ್ದೇ ಇದೆ. ತಾಳ್ಮೆ ಅಂದರೆ ನ್ಯಾಯ ಬಿಟ್ಟುಕೊಡುವುದು ಅಂತ ನಾನು ಹೇಳುತ್ತಿಲ್ಲ. ಕುಡಿದು ಓಡಿಸುವವರ ಬಗ್ಗೆ ಪೊಲೀಸರಿಗೆ ದೂರು ಕೊಡುವುದೂ ನೆರೆಯವರ ಮೇಲಿನ ಪ್ರೀತಿಯೇ. ಅದನ್ನು 112ಕ್ಕೆ ಫೋನ್ ಮಾಡಿ ಹೇಳಬೇಕು. ಅಟ್ಟಿಸಿಕೊಂಡು ಹೋಗಿ ಅಡ್ಡ ಹಾಕಬಾರದು.

ಈಗ ಸಣ್ಣ ಗೀರುಗಳನ್ನು ಬಿಟ್ಟು ದೊಡ್ಡ ಗಾಯಕ್ಕೆ ಬರುತ್ತೇನೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 32 ಸಾವಿರಕ್ಕೂ ಜಾಸ್ತಿ ಜನ ನಡೆದು ಹೋಗುತ್ತಿದ್ದವರು. ನೂರರಲ್ಲಿ 44 ಮಂದಿ ದ್ವಿಚಕ್ರ ವಾಹನದವರು. ನೂರರಲ್ಲಿ 71 ಸಾವಿಗೆ ಕಾರಣ ಅತಿ ವೇಗ. ಈ ಲೆಕ್ಕದಲ್ಲಿ ನಮ್ಮ ಸಭೆಗಳ ಮಕ್ಕಳೂ ಇದ್ದಾರೆ. ಅವರ ಶವಪೆಟ್ಟಿಗೆಗಳ ಮುಂದೆ ನಾವು ಹಾಡಿದ್ದೇವೆ. ದೇವರ ಚಿತ್ತ ಅಂತ ಹೇಳಿ ಮನೆಯವರನ್ನು ಸಮಾಧಾನಪಡಿಸಿದ್ದೇವೆ. ವೇಗದ ಬಗ್ಗೆ, ಕುಡಿತದ ಬಗ್ಗೆ, ಗಾಡಿ ಓಡಿಸುತ್ತಾ ಮೊಬೈಲ್ ನೋಡುವುದರ ಬಗ್ಗೆ ಆ ಮುಂದಿನ ಭಾನುವಾರ ಯಾರಾದರೂ ಮಾತಾಡಿದರಾ? ಗಂಟೆಗೆ 60ರಲ್ಲಿ ಹೋಗುತ್ತಾ ಮೂರು ಸೆಕೆಂಡು ವಾಟ್ಸಾಪ್ ನೋಡಿದರೆ 50 ಮೀಟರ್ ಕಣ್ಣುಮುಚ್ಚಿ ಓಡಿಸಿದ ಹಾಗೆ. ಇದನ್ನು ಪೀಠದಿಂದ ಹೇಳಿದರೆ ಏನೂ ಕೊರತೆ ಆಗುವುದಿಲ್ಲ ಅಂತ ನನಗನಿಸುತ್ತದೆ.

ಕರ್ತನು ನೆರೆಯವನು ಯಾರು ಅನ್ನುವುದಕ್ಕೆ ಹೇಳಿದ ಕಥೆ ನಡೆಯುವುದೇ ರಸ್ತೆಯ ಮೇಲೆ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿ. ಸುಮಾರು 25 ಕಿಲೋಮೀಟರಿನಲ್ಲಿ ಸಾವಿರ ಮೀಟರ್ ಇಳಿಜಾರು, ಎರಡೂ ಕಡೆ ಬೋಳು ಬೆಟ್ಟ, ಕಳ್ಳರ ಭಯ. ಕಳ್ಳರು ಹೊಡೆದು ಹಾಕಿದ ಒಬ್ಬ ಮನುಷ್ಯ ಅಲ್ಲಿ ಅರೆಜೀವವಾಗಿ ಬಿದ್ದಿದ್ದ. ಯಾಜಕ ಬಂದ, ನೋಡಿದ, ಓರೆಯಾಗಿ ಹೋದ. ಲೇವಿಯನೂ ಹಾಗೆಯೇ. ಸಮಾರ್ಯದವನು ನಿಂತ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ವಾಹನದ ಮೇಲೆ ಅವನನ್ನು ಕೂರಿಸಿದ. ಹಾಗಾದರೆ ತಾನು ಅಲ್ಲಿಂದ ಛತ್ರದವರೆಗೆ ನಡೆದೇ ಹೋಗಿರಬೇಕು. ಅವನಿಗೂ ಒಂದು ಕೆಲಸ ಇತ್ತು, ಅದು ತಡವಾಯಿತು. ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ.

ನಿಂತರೆ ಪೊಲೀಸ್ ಸ್ಟೇಷನ್, ಕೋರ್ಟು ಅಂತ ಅಲೆಯಬೇಕು ಅನ್ನುವ ಭಯ ನಮ್ಮಲ್ಲಿ ಇನ್ನೂ ಇದೆ. ಆ ಭಯಕ್ಕೆ ಈಗ ಆಧಾರ ಇಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ಅಪಘಾತದಲ್ಲಿ ನೆರವಾದವರನ್ನು ಪೀಡಿಸಬಾರದು ಎನ್ನುವ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ಸಹಾಯ ಮಾಡಿದವರ ಮೇಲೆ ಕೇಸು ಹಾಕುವ ಹಾಗಿಲ್ಲ. ಹೆಸರು, ವಿಳಾಸ ಹೇಳಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ. ಕರ್ನಾಟಕದ್ದೇ ಪ್ರತ್ಯೇಕ ಕಾನೂನೂ ಇದೆ. ಇವುಗಳಿಗೆಲ್ಲ ಇಟ್ಟಿರುವ ಹೆಸರು ಗುಡ್ ಸಮರಿಟನ್, ಅಂದರೆ ಒಳ್ಳೆಯ ಸಮಾರ್ಯದವನು ಅಂತಲೇ. ದೇಶದ ಕಾನೂನೇ ನಮ್ಮ ಕರ್ತನ ಕಥೆಯಿಂದ ಹೆಸರು ತೆಗೆದುಕೊಂಡಿರುವಾಗ ನಾವು ಗಾಡಿ ನಿಲ್ಲಿಸದೆ ಹೋಗುವುದು ಹೇಗೆ? 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲಿರಿ. ಆಂಬುಲೆನ್ಸ್‌ಗೆ ದಾರಿ ಬಿಡಿ. ಬಿಡದಿದ್ದರೆ 10,000 ರೂಪಾಯಿ ದಂಡ ಇದೆ ನಿಜ, ಆದರೆ ನಮಗೆ ದಂಡದ ನೆನಪು ಮಾಡಬೇಕಾಗಿ ಬರಬಾರದು. ಮತ್ತೆ, ಆಂಬುಲೆನ್ಸ್ ಹೋದ ಜಾಗದಲ್ಲಿ ಅದರ ಬಾಲ ಹಿಡಿದು ನುಗ್ಗಬೇಡಿ.

ಕ್ಯಾಥೊಲಿಕ್ ಬಂಧುಗಳಿಗೆ ಒಂದು ಮಾತು. 2007ರ ಜೂನ್‌ನಲ್ಲಿ ವ್ಯಾಟಿಕನ್ನಿನ ಒಂದು ಮಂಡಳಿ ರಸ್ತೆಯ ಬಗ್ಗೆಯೇ ಮಾರ್ಗದರ್ಶಿ ಹೊರಡಿಸಿತು. ಅದರಲ್ಲಿ ಡ್ರೈವರ್‌ಗಳಿಗೆ ಹತ್ತು ಆಜ್ಞೆಗಳಿವೆ. ಮೊದಲನೆಯದು ಕೊಲ್ಲಬಾರದು. ಐದನೆಯದು ಕಾರನ್ನು ಅಧಿಕಾರ, ದರ್ಪ ತೋರಿಸಲು ಬಳಸಬೇಡ ಅನ್ನುತ್ತದೆ. ಒಂಬತ್ತನೆಯದು ರಸ್ತೆಯಲ್ಲಿ ನಿನಗಿಂತ ದುರ್ಬಲರನ್ನು ಕಾಪಾಡು ಅನ್ನುತ್ತದೆ. ನಾನು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನುವ ಪ್ರೊಟೆಸ್ಟೆಂಟ್ ಸಭೆಯವಳು. ಆದರೂ ಇದನ್ನು ನಮ್ಮ ನೋಟಿಸ್ ಬೋರ್ಡಿಗೆ ಹಾಕಲು ನನಗೆ ಏನೂ ಅಡ್ಡಿ ಕಾಣುವುದಿಲ್ಲ. ಇದು ಕನ್ನಡದಲ್ಲಿ ಪ್ರತಿಯೊಂದು ಧರ್ಮಕೇಂದ್ರದ ಗೋಡೆಯ ಮೇಲೂ ಇರಲಿ ಅಂತ ಫಾದರ್‌ಗಳನ್ನು ಕೇಳಿಕೊಳ್ಳುತ್ತೇನೆ.

ಪಾಸ್ಟರ್‌ಗಳಲ್ಲಿ, ಹಿರಿಯರಲ್ಲಿ ನನ್ನ ಬೇಡಿಕೆಗಳು ಇವು. ಹೊಸ ಗಾಡಿ ತೆಗೆದುಕೊಂಡವರು ಅದನ್ನು ಚರ್ಚಿಗೆ ತಂದು ಪ್ರಾರ್ಥನೆ ಮಾಡಿಸುತ್ತಾರೆ. ಗಾಡಿಗೆ, ಕೂತವರಿಗೆ ಏನೂ ಆಗದಿರಲಿ ಅಂತ ನೀವು ಬೇಡುತ್ತೀರಿ. ಈ ಗಾಡಿಯಿಂದ ಬೇರೆ ಯಾರಿಗೂ ಏನೂ ಆಗದಿರಲಿ ಅಂತಲೂ ಬೇಡಿ. ಕೀಲಿ ಕೈ ವಾಪಸ್ ಕೊಡುವ ಮುಂಚೆ ಗಾಡಿಯವರ ಬಾಯಿಂದಲೇ ಒಂದು ಮಾತು ತೆಗೆದುಕೊಳ್ಳಿ: ಕುಡಿದು ಓಡಿಸುವುದಿಲ್ಲ, ನಡೆದು ಹೋಗುವವರಿಗೆ ದಾರಿ ಬಿಡುತ್ತೇನೆ, ಬೈಯುವುದಿಲ್ಲ. ದೃಢೀಕರಣದ ತರಗತಿಗೆ ಬರುವ ಮಕ್ಕಳು ಕೆಲವೇ ವರ್ಷದಲ್ಲಿ ಲೈಸೆನ್ಸ್ ತೆಗೆದುಕೊಳ್ಳುವವರು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯವನ್ನು ಮದುವೆಗೆ ಮಾತ್ರ ಇಟ್ಟುಕೊಳ್ಳದೆ, ಇವರಿಗೂ ರಸ್ತೆಯ ಉದಾಹರಣೆ ಕೊಟ್ಟು ಕಲಿಸಿ. ಪ್ರೀತಿ ಸಿಟ್ಟಿಗೇಳುವುದಿಲ್ಲ ಅನ್ನುವುದು ಅವರಿಗೆ ಸಿಗ್ನಲ್‌ನಲ್ಲಿ ನಿಂತ ಬೈಕಿನ ಮೇಲೆ ಚೆನ್ನಾಗಿ ಅರ್ಥವಾಗುತ್ತದೆ.

ಭಾನುವಾರದ ಪಾರ್ಕಿಂಗ್ ಬಗ್ಗೆ ಹೇಳದೆ ಇರಲಾರೆ. ಆರಾಧನೆಗೆ ಬಂದವರು ಅಕ್ಕಪಕ್ಕದ ಮನೆಗಳ ಗೇಟಿಗೆ ಅಡ್ಡ, ಫುಟ್‌ಪಾತಿನ ಮೇಲೆ ಗಾಡಿ ನಿಲ್ಲಿಸಿ ಒಳಗೆ ಹೋಗುತ್ತಾರೆ. ಆ ಮನೆಯವರು ಡಯಾಲಿಸಿಸ್‌ಗೆ ಹೊರಟಿರಬಹುದು. ವೀಲ್‌ಚೇರಿನವರು ರಸ್ತೆಗೆ ಇಳಿಯಬೇಕಾಗುತ್ತದೆ. ಹಿರಿಯರು ಇಬ್ಬರು ಯುವಕರನ್ನು ಗೇಟಿನಲ್ಲಿ ನಿಲ್ಲಿಸಿ, ಹತ್ತಿರದ ಶಾಲೆಯ ಮೈದಾನ ಕೇಳಿಕೊಳ್ಳಿ. ಸಾಧ್ಯವಿದ್ದವರು ಮೆಟ್ರೋದಲ್ಲಿ ಬರಲಿ. ಪಕ್ಕದ ಮನೆಗಳಿಗೆ ಕ್ರಿಸ್ಮಸ್ ಕೇಕ್ ಕೊಡುವಾಗ, ನಮ್ಮ ಗಾಡಿಗಳಿಂದ ತೊಂದರೆ ಆಗುತ್ತಿದೆಯಾ ಅಂತ ಒಂದು ಮಾತು ಕೇಳಿ.

ಕೊನೆಯ ಬೇಡಿಕೆ. ನವೆಂಬರ್ ತಿಂಗಳ ಮೂರನೇ ಭಾನುವಾರ ರಸ್ತೆ ಅಪಘಾತದಲ್ಲಿ ತೀರಿಕೊಂಡವರ ಸ್ಮರಣೆಯ ದಿನ. ವಿಶ್ವಸಂಸ್ಥೆ 2005ರಲ್ಲಿ ಇದನ್ನು ಒಪ್ಪಿಕೊಂಡಿದೆ. ಅದು ಹೇಗೂ ಭಾನುವಾರ, ನಾವು ಹೇಗೂ ಸೇರುತ್ತೇವೆ. ಅವತ್ತು ಸಭೆಯಲ್ಲಿ ರಸ್ತೆಯಲ್ಲಿ ಹೋದವರ ಹೆಸರುಗಳನ್ನು ಓದಿ. ಅಕ್ಟೋಬರ್ ಮುಗಿಯುವುದರೊಳಗೆ ಹೆಸರು ಕೊಡಿ ಅಂತ ಪ್ರಕಟಣೆ ಮಾಡಿದರೆ ಮನೆಯವರು ಬಂದು ಕೊಡುತ್ತಾರೆ. ನೆರೆಹೊರೆಯ ಹಿಂದೂ, ಮುಸ್ಲಿಂ ಮನೆಗಳ ಹೆಸರುಗಳನ್ನೂ ಅವರ ಒಪ್ಪಿಗೆ ಕೇಳಿ ಸೇರಿಸಿ. ನಮ್ಮ ಸಭೆಗಳಲ್ಲಿ ಇನ್ನೊಂದು ಥರದ ಜನರೂ ಇದ್ದಾರೆ. ಅವರು ಓಡಿಸುತ್ತಿದ್ದ ಗಾಡಿಯಿಂದ ಯಾರದೋ ಜೀವ ಹೋಗಿದೆ. ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಅವತ್ತಿನ ಪ್ರಾರ್ಥನೆಯಲ್ಲಿ ಹೆಸರು ಹೇಳದೆ ಅವರನ್ನೂ ನೆನೆಯಿರಿ. ಆರಾಧನೆ ಆದ ಮೇಲೆ ಪಾಸ್ಟರ್ ಸ್ವಲ್ಪ ಹೊತ್ತು ಒಳಗೇ ಕೂತಿರಲಿ. ಅವರಲ್ಲಿ ಯಾರಾದರೂ ಮಾತಾಡಲು ಬರಬಹುದು.

ಕರ್ತನಲ್ಲಿ ನಿಮ್ಮ ಸಹೋದರಿ,
ಒಬ್ಬ ಸಂಡೇ ಸ್ಕೂಲ್ ಟೀಚರ್
ಬೆಂಗಳೂರು